ಯಂತ್ರಯುಕ್ತ ಬೈಸಿಕಲ್ಲಿಗೆ ಬೆಲ್ಟಿನ ವೇಗಪರಿವರ್ತಕ

ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯೂ, ಅದರ ಆಸುಪಾಸಿನ ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಗಳೂ ಮಳೆಯನ್ನೇ ನಂಬಿದ ಬಯಲುನಾಡು. ಈ ಬಯಲು ಸಮತಟ್ಟಾದುದೇನಲ್ಲ. ಬಂಡೆಗುಡ್ಡಗಳ ಮಗ್ಗುಲಲ್ಲಿ ಹತ್ತಿಳಿದು, ಹಳ್ಳಗಳನ್ನು ದಾಟಿ, ಕೆರೆಯ ಏರಿಗಳ ಮೇಲೆ ಸಾಗುವ ದಾರಿಗಳೇ ಇಲ್ಲಿ ಹೆಚ್ಚು. ಸಂತೆಗೆ ಶೇಂಗಾ ಮೂಟೆಯನ್ನೋ ಹೂವಿನ ಬುಟ್ಟಿಯನ್ನೋ ಸಾಗಿಸುವ ರೈತನಿಗೂ, ದೂರದ ಹಳ್ಳಿಯಿಂದ ಪಾಠಶಾಲೆಗೆ ಬರುವ ವಿದ್ಯಾರ್ಥಿಗೂ ಬೈಸಿಕಲ್ಲು ಬಹುಕಾಲದ ಸಂಗಾತಿ. ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲು ನೀಡುವ ಯೋಜನೆಯನ್ನು ಆರಂಭಿಸಿದಾಗ ಈ ವಾಹನವು ಎಷ್ಟೋ ಬಡವರ ಮನೆಯಂಗಳಕ್ಕೂ ಬಂದಿತು.

ಕೈಕಸುಬಿನಲ್ಲಿ ಆಸಕ್ತಿಯುಳ್ಳ ತರುಣರು ಇಂತಹ ಬೈಸಿಕಲ್ಲಿಗೆ ಪುಟ್ಟದೊಂದು ಎಂಜಿನ್ನನ್ನು ಕೂಡಿಸಲು ಹವಣಿಸುವುದು ಸಹಜವೇ. ಆದರೆ ಕೂಡಿಸಿದ ಮೇಲೆ ಅವರು ಕಾಣುವ ಫಲ ಬಹುಮಟ್ಟಿಗೆ ಒಂದೇ ಬಗೆಯದು: ಸಮತಲದಲ್ಲಿ ವಾಹನವು ಸೊಗಸಾಗಿ ಓಡುತ್ತದೆ, ಏರು ಎದುರಾದೊಡನೆ ಎಂಜಿನ್ನು ಏದುಸಿರು ಬಿಟ್ಟು ನಿಂತುಹೋಗುತ್ತದೆ. ಈ ಕೊರತೆಗೆ ಕಾರಣವೇನು, ಬೆಲ್ಟಿನಿಂದ ನಡೆಯುವ ವೇಗಪರಿವರ್ತಕವು ಅದನ್ನು ಹೇಗೆ ನೀಗುತ್ತದೆ, ಅದನ್ನು ಜೋಡಿಸುವಾಗ ಗಮನಿಸಬೇಕಾದ ಸಂಗತಿಗಳಾವುವು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಏರಿನಲ್ಲಿ ಎಂಜಿನ್ನು ಸೋಲುವುದೇಕೆ?

ಮನುಷ್ಯನ ಕಾಲಿಗೂ ಎಂಜಿನ್ನಿಗೂ ಸ್ವಭಾವತಃ ಒಂದು ಭೇದವುಂಟು. ಏರಿನಲ್ಲಿ ಸವಾರನು ಆಸನದಿಂದ ಮೇಲೆದ್ದು, ತನ್ನ ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿ ನಿಧಾನವಾಗಿ ತುಳಿಯುತ್ತಾನೆ. ಕಾಲು ನಿಧಾನವಾದಷ್ಟೂ ಹೆಚ್ಚು ಒತ್ತಬಲ್ಲದು. ಎಂಜಿನ್ನಾದರೋ ನಿಧಾನವಾದಷ್ಟೂ ಬಲಗುಂದುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ತಿರುಗುವಾಗಲೇ ಅದರ ಸಾಮರ್ಥ್ಯ. ಸಾವಿರದೈನೂರು ಸುತ್ತಿಗೆ ಇಳಿದರೆ ಅದು ತನ್ನ ಉಸಿರನ್ನು ಉಳಿಸಿಕೊಳ್ಳುವುದೇ ಪ್ರಯಾಸ.

ಲೆಕ್ಕದಿಂದ ಇದು ಇನ್ನೂ ಸ್ಪಷ್ಟವಾಗುವುದು. ನಮ್ಮ ನಾಡಿನ ದೊಡ್ಡ ಬೈಸಿಕಲ್ಲಿನ ಚಕ್ರದ ವ್ಯಾಸ, ಟೈರು ಸೇರಿ, ಸುಮಾರು 71 ಸೆಂಟಿಮೀಟರು. ಒಂದು ಸುತ್ತಿಗೆ ಅದು ಕ್ರಮಿಸುವ ದೂರ ಸುಮಾರು 2.23 ಮೀಟರು. ಗಂಟೆಗೆ 30 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 500 ಮೀಟರು. ಆಗ ಚಕ್ರವು ನಿಮಿಷಕ್ಕೆ 224 ಸುತ್ತು ತಿರುಗಬೇಕು. ಎಂಜಿನ್ನು 4500 ಸುತ್ತು ತಿರುಗುವಾಗ ಈ ವೇಗ ಬರಬೇಕಾದರೆ ಎಂಜಿನ್ನಿನ ಇಪ್ಪತ್ತು ಸುತ್ತಿಗೆ ಚಕ್ರದ್ದು ಒಂದು ಸುತ್ತು ಎಂಬ ಪ್ರಮಾಣವಿರಬೇಕಾಗುತ್ತದೆ.

ಇನ್ನು ಏರಿನ ಮಾತು. ಬೈಸಿಕಲ್ಲು, ಎಂಜಿನ್ನು, ಸವಾರ, ಹೊರೆ ಎಲ್ಲವೂ ಸೇರಿ 120 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಹನ್ನೆರಡು ಅಡಿಗೆ ಒಂದು ಅಡಿಯಂತೆ ಏರುವ ದಾರಿಯಲ್ಲಿ ಇಷ್ಟು ಭಾರವನ್ನು ಮೇಲಕ್ಕೆ ತಳ್ಳಲು 10 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಬೇಕು; ಮಣ್ಣುದಾರಿಯ ಎಳೆತಕ್ಕೆ ಇನ್ನೆರಡು ಕಿಲೋಗ್ರಾಂ ಸೇರಿಸಿದರೆ ಒಟ್ಟು ಹನ್ನೆರಡು. ಇದಕ್ಕಾಗಿ ಹಿಂದಿನ ಚಕ್ರದ ಅಚ್ಚಿನಲ್ಲಿ ಇರಬೇಕಾದ ತಿರುಗುಬಲ ಸುಮಾರು 42 ನ್ಯೂಟನ್-ಮೀಟರು. ಇಪ್ಪತ್ತಕ್ಕೆ ಒಂದರ ಪ್ರಮಾಣದಲ್ಲಿ ಎಂಜಿನ್ನಿನ ಪಾಲಿಗೆ ಬರುವುದು 2.1, ಚೈನಿನ ಘರ್ಷಣೆಯನ್ನೂ ಲೆಕ್ಕಕ್ಕೆ ಹಿಡಿದರೆ 2.3ರಷ್ಟು. 49 ಸಿ.ಸಿ.ಯ ಎಂಜಿನ್ನು ತನಗೆ ಅನುಕೂಲವಾದ ವೇಗದಲ್ಲಿ 2ರಿಂದ 3 ನ್ಯೂಟನ್-ಮೀಟರಿನಷ್ಟು ಕೊಡಬಲ್ಲುದಾದರೂ, ಏರಿನಲ್ಲಿ ವಾಹನವು ಗಂಟೆಗೆ 10 ಕಿ.ಮೀ.ಗೆ ಕುಗ್ಗಿದಾಗ ಎಂಜಿನ್ನಿನ ವೇಗವು 1500 ಸುತ್ತಿಗೆ ಇಳಿದಿರುತ್ತದೆ; ಆ ವೇಗದಲ್ಲಿ ಅದು ಅಷ್ಟನ್ನು ಕೊಡಲಾರದು. ಬಲವು ಅತ್ಯಂತ ಅಗತ್ಯವಾದ ಗಳಿಗೆಯಲ್ಲಿಯೇ ಅದು ಕೈಕೊಡುತ್ತದೆ.

ಅದೇ ಗಳಿಗೆಯಲ್ಲಿ ಪ್ರಮಾಣವನ್ನು ಅರವತ್ತಕ್ಕೆ ಒಂದು ಎಂದು ಬದಲಿಸಬಹುದಾಗಿದ್ದರೆ? ವಾಹನವು 10 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದರೂ ಎಂಜಿನ್ನು ತನ್ನ 4500 ಸುತ್ತಿನಲ್ಲಿಯೇ ಇರುತ್ತದೆ. ಬೇಕಾಗುವ ತಿರುಗುಬಲವು 0.7ಕ್ಕೆ ಇಳಿಯುತ್ತದೆ. ಬೆಲ್ಟಿನಲ್ಲಿ ಐದರಲ್ಲೊಂದು ಪಾಲು ನಷ್ಟವಾದರೂ 0.9ರಷ್ಟು ಸಾಕು. ಸೋಲುತ್ತಿದ್ದ ಎಂಜಿನ್ನೇ ಈಗ ಸುಲಭವಾಗಿ ಗೆಲ್ಲುತ್ತದೆ. ಎಂಜಿನ್ನನ್ನು ದೊಡ್ಡದು ಮಾಡದೆ ಪ್ರಮಾಣವನ್ನು ಬದಲಿಸುವುದೇ ಇಲ್ಲಿನ ಉಪಾಯ.

ಚರಕದಿಂದ ಚರರಾಟೆಗೆ

ಪ್ರಮಾಣವೆಂಬುದು ನಮ್ಮವರಿಗೆ ಹೊಸ ವಿಚಾರವೇನಲ್ಲ. ನೂಲುವ ಚರಕದಲ್ಲಿ ದೊಡ್ಡ ಚಕ್ರವು ಒಂದು ಸುತ್ತು ಬರುವಷ್ಟರಲ್ಲಿ ಸಣ್ಣ ಕದಿರು ಹಲವಾರು ಸುತ್ತು ತಿರುಗುತ್ತದೆ; ನಡುವೆ ಇರುವುದು ಒಂದು ಹುರಿ ಮಾತ್ರ. ಹಿಟ್ಟಿನ ಗಿರಣಿಯಲ್ಲಿ ಚಪ್ಪಟೆ ಬೆಲ್ಟು ಎರಡು ರಾಟೆಗಳ ನಡುವೆ ಓಡುವುದನ್ನು ಕಾಣದ ಹಳ್ಳಿಗರಿಲ್ಲ. ಎರಡು ರಾಟೆಗಳ ವ್ಯಾಸಕ್ಕೆ ಅನುಗುಣವಾಗಿ ವೇಗವು ಹೆಚ್ಚುವುದು ಅಥವಾ ತಗ್ಗುವುದು. ಆದರೆ ಚರಕದ ಚಕ್ರವಾಗಲಿ ಗಿರಣಿಯ ರಾಟೆಯಾಗಲಿ ತನ್ನ ವ್ಯಾಸವನ್ನು ತಾನೇ ಬದಲಿಸಿಕೊಳ್ಳಲಾರದು.

ರಾಟೆಯನ್ನು ಎರಡು ಹೋಳಾಗಿ ಮಾಡಿ, ಆ ಹೋಳುಗಳನ್ನು ಮುಖಾಮುಖಿ ಇಟ್ಟ ಎರಡು ಬೋಗುಣಿಗಳ ಬೆನ್ನುಗಳಂತೆ ಇಳಿಜಾರಾಗಿ ರೂಪಿಸಿ, ಅವುಗಳ ನಡುವಣ ಕೊರಕಲಿನಲ್ಲಿ ಓರೆ ಅಂಚುಗಳ ಬೆಲ್ಟನ್ನು ಕೂರಿಸಿದರೆ ಆ ಅಸಾಧ್ಯವು ಸಾಧ್ಯವಾಗುತ್ತದೆ. ಹೋಳುಗಳು ದೂರ ಸರಿದಾಗ ಬೆಲ್ಟು ಕೊರಕಲಿನ ತಳಕ್ಕೆ ಇಳಿಯುತ್ತದೆ, ರಾಟೆ ಸಣ್ಣದಾದಂತಾಗುತ್ತದೆ. ಹತ್ತಿರ ಸರಿದಾಗ ಬೆಲ್ಟು ಅಂಚಿಗೆ ಏರುತ್ತದೆ, ರಾಟೆ ದೊಡ್ಡದಾದಂತಾಗುತ್ತದೆ. ಎಂಜಿನ್ನಿನ ಕಡೆಯ ರಾಟೆ ಹಿಗ್ಗಿದಾಗ ಚಕ್ರದ ಕಡೆಯ ರಾಟೆ ಕುಗ್ಗಬೇಕು. ಏಕೆಂದರೆ ಬೆಲ್ಟಿನ ಉದ್ದವು ಸ್ಥಿರ. ಮೆಟ್ಟಿಲು ಮೆಟ್ಟಿಲಾಗಿ ಏರುವ ಗೇರುಗಳಿಗೆ ಬದಲು ಇದು ಇಳಿಜಾರು ದಾರಿಯಂತೆ ಅಖಂಡವಾಗಿ ಪ್ರಮಾಣವನ್ನು ಬದಲಿಸುತ್ತದೆ.

ಈ ಉಪಾಯಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವುಂಟು. ಇಂಗ್ಲೆಂಡಿನ ಜೆನಿತ್ ಕಂಪನಿಯ ಗ್ರಾಡುವಾ ಮೋಟಾರ್ ಸೈಕಲ್ಲಿನಲ್ಲಿ ಸವಾರನು ಕೈಹಿಡಿಯನ್ನು ತಿರುಗಿಸಿದರೆ ಎಂಜಿನ್ನಿನ ರಾಟೆ ಹಿಗ್ಗುತ್ತಿತ್ತು ಅಥವಾ ಕುಗ್ಗುತ್ತಿತ್ತು. ಬೆಲ್ಟು ಸಡಿಲಾಗದಿರಲೆಂದು ಹಿಂದಿನ ಚಕ್ರವೇ ಹಿಂದೆ ಮುಂದೆ ಸರಿಯುತ್ತಿತ್ತು. ಕೊವೆಂಟ್ರಿಯ ರಡ್ಜ್ ಕಂಪನಿಯ ಮಲ್ಟಿ ಎಂಬ ವಾಹನವು ಚಕ್ರವನ್ನು ಸರಿಸುವ ಬದಲು ಎರಡು ಕಡೆಯ ರಾಟೆಗಳನ್ನೂ ಒಟ್ಟಿಗೆ ಬದಲಿಸಿತು. 1914ರಲ್ಲಿ ಮ್ಯಾನ್ ದ್ವೀಪದ ಪ್ರಸಿದ್ಧವಾದ ಹಿರಿಯರ ಪಂದ್ಯವನ್ನು ಸಿರಿಲ್ ಪುಲ್ಲಿನ್ ಗೆದ್ದುದು ಇದರ ಮೇಲೆಯೇ. 1958ರಲ್ಲಿ ಹಾಲೆಂಡಿನ ಡಾಫ್ ಕಂಪನಿಯು ಹಬ್ ವಾನ್ ಡೋರ್ನೆಯವರ ವೇರಿಯೋಮ್ಯಾಟಿಕ್ ಪದ್ಧತಿಯನ್ನು ಕಾರಿಗೆ ಅಳವಡಿಸಿ, ಸವಾರನ ಕೈಯ ಗೊಡವೆಯಿಲ್ಲದೆ ಪ್ರಮಾಣವು ತಾನಾಗಿಯೇ ಬದಲಾಗುವಂತೆ ಮಾಡಿತು. ಭಾರತದಲ್ಲಿ ಈ ಪದ್ಧತಿಯು ಮನೆಮಾತಾದುದು 1984ರಲ್ಲಿ ಸ್ಥಾಪಿತವಾದ ಕೈನೆಟಿಕ್ ಹೋಂಡಾ ಕಂಪನಿಯ 98 ಸಿ.ಸಿ. ಸ್ಕೂಟರಿನಿಂದ. 2001ರಲ್ಲಿ ಬಂದ ಹೋಂಡಾ ಆಕ್ಟಿವಾ ಅದನ್ನು ಊರೂರಿಗೆ ಒಯ್ದಿತು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಲ್ಲಿ ಆರಂಭವಾದ ಹೋಂಡಾ ಕಾರ್ಖಾನೆಯಿಂದಾಗಿ ಇಂತಹ ಸ್ಕೂಟರುಗಳು ಕನ್ನಡ ನೆಲದಲ್ಲಿಯೇ ತಯಾರಾಗುವಂತಾಯಿತು.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ನಮ್ಮ ಗಡಿಗೆ ಅಂಟಿದ ಹೊಸೂರಿನಲ್ಲಿ 1980ರಲ್ಲಿ ಹುಟ್ಟಿದ ಟಿ.ವಿ.ಎಸ್. 50 ಮೊಪೆಡ್ಡಿಗೂ, 2015ರಲ್ಲಿ ಬಂದ ಎಕ್ಸ್.ಎಲ್. 100 ಎಂಬ ಅದರ ವಂಶಜಕ್ಕೂ ವೇಗಪರಿವರ್ತಕವಿಲ್ಲ. ಆದರೂ ಅವು ಮೂಟೆ ಹೊತ್ತು ಏರು ಹತ್ತುವುದಿಲ್ಲವೇ? ಹತ್ತುತ್ತವೆ. ಮೊಪೆಡ್ಡಿನ ಚಕ್ರ ಬೈಸಿಕಲ್ಲಿನದಕ್ಕಿಂತ ಬಹಳ ಚಿಕ್ಕದು, ಎಕ್ಸ್.ಎಲ್. 100ರ ಎಂಜಿನ್ನಾದರೋ 99.7 ಸಿ.ಸಿ.ಯದು. ಚಕ್ರ ದೊಡ್ಡದಾಗಿ ಎಂಜಿನ್ನು ಚಿಕ್ಕದಾದೆಡೆಯಲ್ಲಿಯೇ ಪರಿವರ್ತಕದ ಅಗತ್ಯ ಹೆಚ್ಚು. ಬೈಸಿಕಲ್ಲಿನ ಸಮಸ್ಯೆ ಇದೇ.

ಅಂಗಗಳು ಮತ್ತು ಅವುಗಳ ಕೆಲಸ

ಸ್ಕೂಟರಿನಲ್ಲಿ ಕಾಣುವ ಪರಿವರ್ತಕದಲ್ಲಿ ನಾಲ್ಕು ಮುಖ್ಯಾಂಗಗಳಿವೆ. ಮೊದಲನೆಯದು ಎಂಜಿನ್ನಿನ ಕ್ರ್ಯಾಂಕ್ ಷಾಫ್ಟಿನ ತುದಿಯಲ್ಲಿ ಕೂರುವ ಚಾಲಕ ರಾಟೆ. ಅದರ ಒಂದು ಹೋಳು ಸ್ಥಿರ, ಇನ್ನೊಂದು ಚರ. ಚರ ಹೋಳಿನ ಬೆನ್ನಿನಲ್ಲಿರುವ ಇಳಿಜಾರಾದ ಗಾಡಿಗಳಲ್ಲಿ ಸಾಮಾನ್ಯವಾಗಿ ಆರು ರೋಲರುಗಳಿರುತ್ತವೆ. ಎಂಜಿನ್ನಿನ ವೇಗ ಹೆಚ್ಚಿದಂತೆ ಕೇಂದ್ರಾಪಗಾಮಿ ಬಲದಿಂದ ರೋಲರುಗಳು ಹೊರಕ್ಕೆ ಸರಿದು, ಇಳಿಜಾರಿನ ಮೂಲಕ ಚರ ಹೋಳನ್ನು ಸ್ಥಿರ ಹೋಳಿನತ್ತ ತಳ್ಳುತ್ತವೆ, ಬೆಲ್ಟು ಮೇಲೇರುತ್ತದೆ. ಎರಡನೆಯದು ಓರೆ ಅಂಚಿನ ಬೆಲ್ಟು. ಮೂರನೆಯದು ಚಾಲಿತ ರಾಟೆ. ಇದರ ಹೋಳುಗಳನ್ನು ಒಂದು ಬಲವಾದ ಸ್ಪ್ರಿಂಗು ಸದಾ ಒಂದಕ್ಕೊಂದು ಒತ್ತಿ ಹಿಡಿದಿರುತ್ತದೆ. ಅಲ್ಲದೆ ಅದರ ಕೊಳವೆಯಲ್ಲಿ ಓರೆಯಾದ ಸೀಳುಗಳಿರುತ್ತವೆ. ಏರಿನಲ್ಲಿ ಭಾರ ಹೆಚ್ಚಿದಾಗ ಈ ಸೀಳುಗಳ ಮೂಲಕ ಹೋಳುಗಳು ಇನ್ನಷ್ಟು ಬಿಗಿದು, ಬೆಲ್ಟನ್ನು ಮತ್ತೆ ಹೊರ ಅಂಚಿಗೆ ಏರಿಸುತ್ತವೆ. ಅಂದರೆ ಪ್ರಮಾಣವು ತಾನಾಗಿ ಏರಿಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ನಾಲ್ಕನೆಯದು ಚಾಲಿತ ರಾಟೆಯ ಪಕ್ಕದಲ್ಲಿರುವ ಕೇಂದ್ರಾಪಗಾಮಿ ಕ್ಲಚ್ಚು. ವಾಹನ ನಿಂತಿರುವಾಗ ಬೆಲ್ಟು ಸುಮ್ಮನೆ ತಿರುಗುತ್ತಿರುತ್ತದೆ. ವೇಗ ಹೆಚ್ಚಿದಾಗ ಕ್ಲಚ್ಚಿನ ಪಾದಗಳು ಹೊರಕ್ಕೆ ಬಿರಿದು ಡ್ರಮ್ಮನ್ನು ಹಿಡಿಯುತ್ತವೆ, ವಾಹನ ಹೊರಡುತ್ತದೆ.

ಜೋಡಣೆಯ ಕ್ರಮ

ಮೊದಲ ವಿಚಾರ, ಪರಿವರ್ತಕವನ್ನು ಎಲ್ಲಿ ಕೂರಿಸಬೇಕು ಎಂಬುದು. ಬೈಸಿಕಲ್ಲಿನ ಚೌಕಟ್ಟಿನೊಳಗೆ ಕೂರಿಸಲೆಂದು ಮಾರಾಟವಾಗುವ ಎರಡು ಸ್ಟ್ರೋಕಿನ ಎಂಜಿನ್ನುಗಳಲ್ಲಿ ಎಂಜಿನ್ನಿನೊಳಗೇ ನಾಲ್ಕಕ್ಕೆ ಒಂದರಷ್ಟು ವೇಗವನ್ನು ತಗ್ಗಿಸುವ ಹಲ್ಲುಚಕ್ರಗಳಿರುತ್ತವೆ. ಹೊರಕ್ಕೆ ಕಾಣುವ ಸಣ್ಣ ಸ್ಪ್ರಾಕೆಟ್ಟು ತಿರುಗುವುದು ನಿಮಿಷಕ್ಕೆ ಸಾವಿರ ಚಿಲ್ಲರೆ ಸುತ್ತು ಮಾತ್ರ. ಪರಿವರ್ತಕವನ್ನು ಅಲ್ಲಿಗೆ ಜೋಡಿಸಿದರೆ ಎರಡು ಬಗೆಯ ಹಾನಿ: ರೋಲರುಗಳಿಗೆ ಸಾಲುವಷ್ಟು ವೇಗವಿರುವುದಿಲ್ಲ, ಬೆಲ್ಟಿನ ಮೇಲೆ ಬೀಳುವ ತಿರುಗುಬಲವಾದರೋ ನಾಲ್ಕು ಪಟ್ಟಾಗಿರುತ್ತದೆ. ಆದುದರಿಂದ ಚಾಲಕ ರಾಟೆಯು ಕ್ರ್ಯಾಂಕ್ ಷಾಫ್ಟಿನ ಮೇಲೆಯೇ ಇರಬೇಕು. ಷಾಫ್ಟು ಹೊರಚಾಚಿದ ಎಂಜಿನ್ನೇ ಇದಕ್ಕೆ ತಕ್ಕುದು. ಬೆಲ್ಟಿನ ಸೆಳೆತದಿಂದ ಷಾಫ್ಟು ಬಾಗದಂತೆ, ರಾಟೆಯನ್ನು ಎಂಜಿನ್ನಿನ ಮೈಗೆ ಆದಷ್ಟು ಸಮೀಪದಲ್ಲಿ ಕೂರಿಸಬೇಕು.

ಎರಡನೆಯದಾಗಿ, ನಾಲ್ಕು ಅಂಗಗಳನ್ನೂ ಒಂದೇ ಮಾದರಿಯ ವಾಹನದಿಂದ ಆರಿಸಿಕೊಳ್ಳುವುದು ಕ್ಷೇಮ. ಒಂದರ ರಾಟೆಗೆ ಇನ್ನೊಂದರ ಬೆಲ್ಟು ಹೊಂದುವುದು ಅಪರೂಪ. ಓರೆಯ ಕೋನದಲ್ಲಿ ಒಂದೆರಡು ಅಂಶಗಳ ವ್ಯತ್ಯಾಸವಿದ್ದರೂ ಬೆಲ್ಟಿನ ಅಂಚು ಸವೆದುಹೋಗುತ್ತದೆ. ಬೆಲ್ಟಿನ ಉದ್ದ ಸ್ಥಿರವಾದುದರಿಂದ ಎರಡು ಷಾಫ್ಟುಗಳ ನಡುವಣ ಅಂತರವನ್ನು ಮೂಲ ವಾಹನದಲ್ಲಿದ್ದಂತೆಯೇ ಇರಿಸಬೇಕು. ಉದಾಹರಣೆಗೆ, ಅಂತರವು 250 ಮಿ.ಮೀ. ಇದ್ದು ಹೊರಡುವಾಗ ಚಾಲಕ ರಾಟೆಯಲ್ಲಿ ಬೆಲ್ಟಿನ ತ್ರಿಜ್ಯ 20, ಚಾಲಿತ ರಾಟೆಯಲ್ಲಿ 48 ಮಿ.ಮೀ. ಆಗಿದ್ದರೆ, ಬೆಲ್ಟಿನ ಉದ್ದವು 717 ಮಿ.ಮೀ.ನಷ್ಟು. ಪೂರ್ಣ ವೇಗದಲ್ಲಿ ಚಾಲಕದ ತ್ರಿಜ್ಯ 38ಕ್ಕೆ ಏರಿದಾಗ ಚಾಲಿತದ ತ್ರಿಜ್ಯ 31ಕ್ಕೆ ಇಳಿಯುತ್ತದೆ. ಪ್ರಮಾಣವು 2.4ರಿಂದ 0.82ಕ್ಕೆ, ಎಂದರೆ ಸುಮಾರು ಮೂರರಲ್ಲಿ ಒಂದು ಪಾಲಿಗೆ, ಬದಲಾದಂತಾಯಿತು.

ಮೂರನೆಯದಾಗಿ, ಚರ ಹೋಳುಗಳು ಎರಡು ರಾಟೆಗಳಲ್ಲಿಯೂ ಒಂದೇ ಪಕ್ಕದಲ್ಲಿರಕೂಡದು. ಮೇಲಣ ಉದಾಹರಣೆಯಲ್ಲಿ, ಕೊರಕಲಿನ ಕೋನ 28 ಅಂಶವಿದ್ದರೆ, ಚಾಲಕದ ಚರ ಹೋಳು ಸರಿಯುವ ದೂರ ಸುಮಾರು 9 ಮಿ.ಮೀ.; ಬೆಲ್ಟು ಅದರ ಅರ್ಧದಷ್ಟು ಪಕ್ಕಕ್ಕೆ ಸರಿಯುತ್ತದೆ. ಚಾಲಿತದ ಚರ ಹೋಳು ಎದುರು ಪಕ್ಕದಲ್ಲಿದ್ದರೆ ಮಾತ್ರ ಅಲ್ಲಿಯೂ ಬೆಲ್ಟು ಅದೇ ದಿಕ್ಕಿಗೆ ಅಷ್ಟೇ ಸರಿದು ನೇರವಾಗಿ ಓಡುತ್ತದೆ. ಇಲ್ಲವಾದರೆ ಅದು ಓರೆಯಾಗಿ ಎಳೆಯಲ್ಪಟ್ಟು ಬೇಗನೆ ಹರಿಯುತ್ತದೆ. ಹಾಗೆಯೇ ತಿರುಗುವ ದಿಕ್ಕನ್ನೂ ಗಮನಿಸಬೇಕು. ಚಾಲಿತ ರಾಟೆಯ ಓರೆ ಸೀಳುಗಳು ಒಂದು ದಿಕ್ಕಿಗೆ ಮಾತ್ರ ಸಲ್ಲುವಂಥವು. ಎಂಜಿನ್ನನ್ನು ತಿರುವುಮುರುವಾಗಿ ಕೂರಿಸಿ ದಿಕ್ಕು ಬದಲಾದರೆ ಭಾರ ಹೆಚ್ಚಿದಾಗ ಹೋಳುಗಳು ಬಿಗಿಯುವ ಬದಲು ಬಿಚ್ಚಿಕೊಳ್ಳುತ್ತವೆ.

ನಾಲ್ಕನೆಯದಾಗಿ, ಬೆಲ್ಟೊಂದರಿಂದಲೇ ಕಾರ್ಯಸಿದ್ಧಿಯಾಗದು. ಒಟ್ಟು ಪ್ರಮಾಣವು ಅರವತ್ತರಿಂದ ಇಪ್ಪತ್ತರವರೆಗೆ ಇರಬೇಕಾದರೆ, ಬೆಲ್ಟಿನ 2.4ರಿಂದ 0.82ರ ಜೊತೆಗೆ ಇಪ್ಪತ್ತೈದಕ್ಕೆ ಒಂದರ ಸ್ಥಿರ ಇಳಿತವೂ ಬೇಕು. ಒಂದೇ ಚೈನಿನಲ್ಲಿ ಇಷ್ಟು ಇಳಿಸಬೇಕಾದರೆ ಹಿಂದಿನ ಸ್ಪ್ರಾಕೆಟ್ಟಿಗೆ 250 ಹಲ್ಲುಗಳಿರಬೇಕಾದೀತು! ಆದುದರಿಂದ ನಡುವೆ ಒಂದು ಷಾಫ್ಟನ್ನು ಬೇರಿಂಗುಗಳ ಮೇಲೆ ಕೂರಿಸಿ, 10 ಹಲ್ಲಿನಿಂದ 50 ಹಲ್ಲಿಗೆ ಎರಡು ಬಾರಿ ಇಳಿಸಿದರೆ ಐದೈದಲಿ ಇಪ್ಪತ್ತೈದಾಗುತ್ತದೆ. ಪೆಡಲಿನ ಚೈನು ಬಲಗಡೆ ಇರುವುದರಿಂದ ಎಂಜಿನ್ನಿನ ಚೈನನ್ನು ಎಡಗಡೆ ತರುವುದು ರೂಢಿ. ಹಿಂದಿನ ಸ್ಪ್ರಾಕೆಟ್ಟನ್ನು ಚಕ್ರದ ಕಡ್ಡಿಗಳಿಗೆ ಬಿಗಿಯುವ ಪದ್ಧತಿ ಅಪಾಯಕರ. ಕಡ್ಡಿಗಳು ಒಂದೊಂದಾಗಿ ಮುರಿಯುತ್ತವೆ. ಸ್ಪ್ರಾಕೆಟ್ಟಿಗೂ ಡ್ರಮ್ ಬ್ರೇಕಿಗೂ ಸ್ಥಳವಿರುವ ಮೊಪೆಡ್ಡಿನ ಗುಂಭ ಮತ್ತು ದಪ್ಪ ಕಡ್ಡಿಗಳ ಚಕ್ರವೇ ಉತ್ತಮ. ಹಾಗೆ ಚಿಕ್ಕ ಚಕ್ರವನ್ನು ಹಾಕಿದರೆ ಮೇಲಣ ಲೆಕ್ಕವನ್ನು ಅದರ ಸುತ್ತಳತೆಗೆ ತಕ್ಕಂತೆ ಹೊಸದಾಗಿ ಮಾಡಬೇಕು.

ರೋಲರುಗಳ ತೂಕ

ಜೋಡಣೆ ಮುಗಿದರೂ ಹದಗಾಣಿಕೆ ಉಳಿದಿರುತ್ತದೆ. ಸ್ಕೂಟರಿನ ಪರಿವರ್ತಕವು ನೂರು ಸಿ.ಸಿ. ಆಸುಪಾಸಿನ ಎಂಜಿನ್ನಿಗಾಗಿ ರಚಿತವಾದುದು; ಅದರ ರೋಲರುಗಳೂ ಸ್ಪ್ರಿಂಗುಗಳೂ ಪುಟ್ಟ ಎಂಜಿನ್ನಿಗೆ ಹಾಗೆಯೇ ಹೊಂದಲಾರವು. ರೋಲರುಗಳು ಅತಿ ಭಾರವಾದರೆ ಬೆಲ್ಟು ಬೇಗನೆ ಮೇಲೇರಿ ಎಂಜಿನ್ನು ಉಬ್ಬಸ ಪಡುತ್ತದೆ. ಅತಿ ಹಗುರವಾದರೆ ಎಂಜಿನ್ನು ಕಿರುಚುತ್ತದೆ, ವಾಹನ ಮುಂದೆ ಸಾಗುವುದಿಲ್ಲ. ಕೇಂದ್ರಾಪಗಾಮಿ ಬಲವು ತೂಕಕ್ಕೆ ನೇರವಾಗಿಯೂ, ವೇಗದ ವರ್ಗಕ್ಕೆ ಅನುಸಾರವಾಗಿಯೂ ಹೆಚ್ಚುತ್ತದೆ. 4500 ಸುತ್ತಿನಲ್ಲಿ 9 ಗ್ರಾಂ ರೋಲರು ಮಾಡುವ ಕೆಲಸವನ್ನು 5500 ಸುತ್ತಿನಲ್ಲಿ 6 ಗ್ರಾಂ ರೋಲರು ಮಾಡಬಲ್ಲದು. ಎಂಜಿನ್ನಿಗೆ ಹೆಚ್ಚು ಬಲವಿರುವ ವೇಗ ಯಾವುದೆಂದು ತಿಳಿದು, ಆ ವೇಗದಲ್ಲಿ ನಿಲ್ಲುವಂತೆ ತೂಕವನ್ನು ಒಂದೊಂದೇ ಗ್ರಾಮಿನಂತೆ ಬದಲಿಸಿ ನೋಡಬೇಕು. ಆರೂ ರೋಲರುಗಳ ತೂಕ ಒಂದೇ ಆಗಿರಬೇಕೆಂಬುದನ್ನು ಮರೆಯಲಾಗದು.

ನಮ್ಮ ಸೀಮೆಯ ಕೆಂಧೂಳು ಬೆಲ್ಟಿನ ವೈರಿ. ರಾಟೆಗಳನ್ನು ಪೂರ್ಣವಾಗಿ ಮುಚ್ಚಿದರೆ ಬಿಸಿಯು ಹೊರಹೋಗದೆ ರಬ್ಬರು ಸುಡುತ್ತದೆ. ತೆರೆದಿಟ್ಟರೆ ಧೂಳು ಉಜ್ಜಿ ಸವೆಸುತ್ತದೆ. ಜಾಲರಿಯ ಮೂಲಕ ಗಾಳಿ ಒಳಹೊಕ್ಕು ಇನ್ನೊಂದೆಡೆಯಿಂದ ಹೊರಬೀಳುವಂತೆ ತಗಡಿನ ಕವಚವನ್ನು ಮಾಡುವುದೇ ಪರಿಹಾರ. ಸೀರೆಯ ಸೆರಗು, ಪಂಚೆಯ ಅಂಚು, ಮಕ್ಕಳ ಬೆರಳು ತಾಗದಂತೆಯೂ ಆ ಕವಚವೇ ಕಾಯುತ್ತದೆ. ರಾಟೆಯ ಮುಖಕ್ಕೆ ಎಣ್ಣೆಯಾಗಲಿ ಗ್ರೀಸಾಗಲಿ ಸೋಕಲೇಬಾರದು. ಘರ್ಷಣೆಯಿಂದಲೇ ಬದುಕುವ ಬೆಲ್ಟಿಗೆ ಜಿಡ್ಡು ವಿಷಪ್ರಾಯ.

ಕ್ಷೇಮವೂ ಕಾನೂನೂ

ಪರಿವರ್ತಕವು ಬೈಸಿಕಲ್ಲಿಗೆ ಏರುವ ಶಕ್ತಿಯನ್ನು ಕೊಡುತ್ತದೆಯೇ ಹೊರತು ನಿಲ್ಲುವ ಶಕ್ತಿಯನ್ನಲ್ಲ. ಮೋಟಾರಿಲ್ಲದ ಬೈಸಿಕಲ್ಲಿನ ಸರಳು ಬ್ರೇಕು ತುಳಿಯುವವನ ವೇಗಕ್ಕೆಂದು ಮಾಡಿದುದು. 120 ಕಿಲೋಗ್ರಾಂ ಭಾರವು ಏರಿನ ಆಚೆಯ ಇಳಿಜಾರಿನಲ್ಲಿ ಧಾವಿಸುವಾಗ ಅದು ಸಾಲದು. ವೇಗ ತಗ್ಗಿದಾಗ ಕೇಂದ್ರಾಪಗಾಮಿ ಕ್ಲಚ್ಚು ತಾನಾಗಿ ಬಿಡಿಸಿಕೊಳ್ಳುವುದರಿಂದ ಎಂಜಿನ್ನಿನ ತಡೆಯೂ ದೊರೆಯದು. ಹತ್ತುವ ಉಪಾಯವನ್ನು ಮಾಡುವ ಮುನ್ನ ನಿಲ್ಲಿಸುವ ಉಪಾಯವನ್ನು ಮಾಡಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳೆರಡಕ್ಕೂ ಡ್ರಮ್ ಬ್ರೇಕು ಇಲ್ಲದ ವಾಹನವನ್ನು ದಿಣ್ಣೆಯ ದಾರಿಗೆ ಇಳಿಸುವುದು ಜಾಣತನವಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯಂತೆ, ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು 25 ಸಿ.ಸಿ. ಮೀರದ ಎಂಜಿನ್ನುಳ್ಳ ವಾಹನವು ಮೋಟಾರು ವಾಹನವೆಂಬ ನಿರ್ವಚನದಿಂದ ಹೊರಗುಳಿಯುತ್ತದೆ. ಅದನ್ನು ಮೀರಿದರೆ, ಪೆಡಲುಗಳಿದ್ದರೂ, ಅದು ಮೋಟಾರು ವಾಹನವೇ. ಆಗ ಮಾದರಿಯ ಅನುಮೋದನೆ, ನೋಂದಣಿ, ವಿಮೆ, ಚಾಲನಾ ಪರವಾನಗಿ, ಶಿರಸ್ತ್ರಾಣ ಎಲ್ಲವೂ ಅನ್ವಯಿಸುತ್ತವೆ. 50 ಸಿ.ಸಿ. ಮೀರದ ವಾಹನವನ್ನು ನಡೆಸಲು ಕೂಡ ಹದಿನಾರು ವರ್ಷ ತುಂಬಿರಬೇಕು. ಇವಿಲ್ಲದೆ 49 ಸಿ.ಸಿ.ಯ ಸ್ವನಿರ್ಮಿತ ವಾಹನವನ್ನು ಸಾರ್ವಜನಿಕ ರಸ್ತೆಗೆ ತಂದು ಅಪಘಾತವಾದಲ್ಲಿ, ಗಾಯಗೊಂಡವನಿಗೆ ವಿಮೆಯ ಆಸರೆಯಿಲ್ಲ; ಆ ಪರಿಹಾರದ ಹೊರೆಯು ಒಂದು ಬಡ ಕುಟುಂಬದ ಹೊಲಮನೆಗಳನ್ನೇ ನುಂಗಬಹುದು. ಆದುದರಿಂದ ಇಂತಹ ಜೋಡಣೆಯು ಕಾರ್ಯಾಗಾರದ ಕಲಿಕೆಗೂ, ವಿಜ್ಞಾನ ವಸ್ತುಪ್ರದರ್ಶನಕ್ಕೂ, ಸ್ವಂತ ಹೊಲದ ದಾರಿಗೂ ಸೀಮಿತವಾಗಿರುವುದು ಯುಕ್ತ. ರಸ್ತೆಯಲ್ಲಿ ಓಡಿಸಬೇಕೆಂಬವರು 25 ಸಿ.ಸಿ.ಯ ಮಿತಿಯೊಳಗೆ ಯೋಚಿಸಲಿ. ಎಂಜಿನ್ನು ಅಷ್ಟು ಚಿಕ್ಕದಾದಾಗಲಂತೂ ಪ್ರಮಾಣದ ಬದಲಾವಣೆಯೇ ಅದರ ಪ್ರಾಣ.

ಚರಕದ ಹುರಿಯಿಂದ ಸ್ಕೂಟರಿನ ಬೆಲ್ಟಿನವರೆಗೆ ತತ್ತ್ವವು ಒಂದೇ: ಇರುವ ಬಲವು ಸ್ವಲ್ಪವೇ ಆದರೂ ಅದನ್ನು ಸಂದರ್ಭಕ್ಕೆ ತಕ್ಕ ಪ್ರಮಾಣದಲ್ಲಿ ಹಂಚಿದರೆ ದೊಡ್ಡ ಏರನ್ನೂ ದಾಟಬಹುದು. ತ್ರಿಜ್ಯ, ವೇಗದ ವರ್ಗ, ಕೋನ ಎಂದು ವಿದ್ಯಾರ್ಥಿಯು ಕಪ್ಪುಹಲಗೆಯ ಮೇಲೆ ಕಂಡ ಮಾತುಗಳೆಲ್ಲ ಇಲ್ಲಿ ಕಬ್ಬಿಣದಲ್ಲಿಯೂ ರಬ್ಬರಿನಲ್ಲಿಯೂ ಮೈದಾಳಿ ನಿಂತಿವೆ. ಪಾಠಶಾಲೆಯ ಕಾರ್ಯಾಗಾರಗಳಲ್ಲಿ ಹಳೆಯ ಸ್ಕೂಟರೊಂದರ ಪರಿವರ್ತಕವನ್ನು ಬಿಚ್ಚಿ, ಅಳೆದು, ಮರಳಿ ಜೋಡಿಸುವ ಅವಕಾಶವನ್ನು ಮಕ್ಕಳಿಗೆ ಒದಗಿಸಿದರೆ, ಅದರ ವೆಚ್ಚವು ಅಲ್ಪ, ಫಲವು ಅನಲ್ಪ. ಲೆಕ್ಕವನ್ನರಿತು ಕೈಹಾಕಿದವನು ಯಂತ್ರವನ್ನು ಆಳುತ್ತಾನೆ. ಅರಿಯದೆ ಕೈಹಾಕಿದವನನ್ನು ಯಂತ್ರವು ಆಳುತ್ತದೆ.